ಕರೆಯದೆ ಬರುತ್ತಿದ್ದ ಹನ್ನೊಂದು ಪ್ರೋಗ್ರಾಂ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನ್ಯಾಮತಿಯ ನನ್ನ ಆನ್‌ಲೈನ್ ಸೆಂಟರಿನ ಬಾಗಿಲಲ್ಲಿ ಸವಳಂಗದ ರತ್ನಮ್ಮ ಕಾಯುತ್ತಿದ್ದರು. ಮದುವೆಯಿಂದ ನಿಂತುಹೋಗಿದ್ದ ಎಸ್ಸೆಸ್ಸೆಲ್ಸಿಯನ್ನು ಈಗ ನಲವತ್ತರಲ್ಲಿ ಬರೆಯುತ್ತಿದ್ದಾರೆ. ಹತ್ತೂವರೆಗೆ ಹೊನ್ನಾಳಿಯಲ್ಲಿ ಪರೀಕ್ಷೆ. ಹಾಲ್ ಟಿಕೆಟ್ ಬಟ್ಟೆಯ ಜೊತೆ ಒಗೆತಕ್ಕೆ ಬಿದ್ದು ಹಾಳಾಗಿತ್ತಂತೆ; ಇನ್ನೊಂದು ಪ್ರತಿ ಬೇಕಿತ್ತು.

ನನ್ನ ಕಂಪ್ಯೂಟರ್ ಆನ್ ಆಗಲು ಏಳೆಂಟು ನಿಮಿಷ ಬೇಕಿತ್ತು. ಹಾಡಿನ ಆ್ಯಪ್, ಚಾಟ್, ಹಳೆಯ ಗೇಮ್ ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ರತ್ನಮ್ಮ ಕೂರಲಿಲ್ಲ, ಬಾಗಿಲಿಗೂ ಟೇಬಲ್ಲಿಗೂ ಓಡಾಡಿದರು.

“ಇವನ್ನೆಲ್ಲ ಯಾರ್ ಕರೆದ್ರಣ್ಣ?”

“ಯಾರೂ ಕರೆದಿಲ್ಲಮ್ಮ, ಆನ್ ಮಾಡಿದ್ರೆ ತಾವೇ ಬರ್ತಾವೆ.”

“ಬರಬ್ಯಾಡ್ರಿ ಅಂತ ಹೇಳಾಕೆ ಆಗಲ್ವೇನ್ರಿ? ಅಲ್ನೋಡ್ರಿ, ಹೊನ್ನಾಳಿ ಬಸ್ ಹೋತು!”

ಪ್ರಿಂಟ್ ಬಂದದ್ದೇ ಅಂಗಡಿಗೆ ಬೀಗ ಹಾಕಿ, ಅವರನ್ನು ಬೈಕಿನಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಬೆನ್ನ ಹಿಂದೆ ವಿಜ್ಞಾನದ ಸೂತ್ರಗಳು ಕೇಳಿಸುತ್ತಿದ್ದವು. ಪರೀಕ್ಷಾ ಕೇಂದ್ರದ ಗೇಟು ಮುಚ್ಚುವ ಮೊದಲೇ ಅವರು ಒಳಗೆ ಓಡಿದರು.

ವಾಪಸು ಬಂದವನೇ ಸ್ಟಾರ್ಟ್‌ಅಪ್ ಪಟ್ಟಿ ತೆರೆದು, ತಾವಾಗಿ ಶುರುವಾಗುತ್ತಿದ್ದ ಹನ್ನೊಂದು ಪ್ರೋಗ್ರಾಂಗಳನ್ನು ಆಫ್ ಮಾಡಿದೆ. ಈಗ ಆನ್ ಆಗಲು ಒಂದೇ ನಿಮಿಷ! ನಾಲ್ಕು ವರ್ಷದಿಂದ, ಅಂಗಡಿಗೆ ಬಂದವರಿಗೆಲ್ಲ “ಕಂಪ್ಯೂಟರ್ ಅಂದ್ರೆ ಹಿಂಗೇ ಕಣ್ರೀ” ಎನ್ನುತ್ತಿದ್ದೆ. ಹೊರಗಿನ ಬೋರ್ಡಿನಲ್ಲಿ ‘ಇಲ್ಲಿ ಕಂಪ್ಯೂಟರ್ ರಿಪೇರಿಯೂ ಮಾಡಲಾಗುತ್ತದೆ’ ಎಂದು ಬರೆಸಿದವನೂ ನಾನೇ.