ಸ್ಕ್ಯಾನಿಗೆ ಮುಂಚೆ ಕುಡಿಸಿದ ಎಳನೀರು

ಮೊನ್ನೆ ಬೀರುವಿನ ಹಳೇ ಸೀರೆಗಳ ನಡುವೆ ಒಂದು ಚೀಟಿ ಸಿಕ್ಕಿತು. ಬೆಂಗಳೂರಿನ ಆಸ್ಪತ್ರೆಯದು. ಸ್ಕ್ಯಾನಿಗೆ ಆರು ಗಂಟೆ ಮುಂಚಿನಿಂದ ಏನೂ ತಿನ್ನಬಾರದು, ಬರಿ ನೀರು ಕುಡಿಯಬಹುದು ಅಂತ ಅಚ್ಚಾಗಿದೆ. ನಮ್ಮ ಕೊಬ್ಬರಿ ಅಕ್ಕನಿಗೆ ಓದಲು ಬರುತ್ತಿರಲಿಲ್ಲ. ಓದಿ ಹೇಳಿದವಳು ನಾನೇ.

ನಮ್ಮ ಅಟ್ಟದ ಕಾಯಿ ಒಣಗಿದ ಮೇಲೆ ಚಿಪ್ಪು ಒಡೆದು ಕೊಬ್ಬರಿ ಬಿಡಿಸಲು ವರ್ಷಾ ವರ್ಷಾ ಬರುತ್ತಿದ್ದ ಅಕ್ಕ ಅವಳು, ದಬ್ಬೇಘಟ್ಟದ ಕಡೆಯವಳು. ಕಾಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗೆ ಕೊಳೆತಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು. ತಪ್ಪಿದ್ದನ್ನು ನಾನಂತೂ ಕಾಣೆ. ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಅಂದಾಗಲೂ ನಕ್ಕಿದ್ದಳು. "ನನ್ನೂ ಹಿಂಗೇ ಅಲ್ಲಾಡ್ಸಿ ನೋಡ್ತಾರೇನವ್ವ?"

ಪೆಟ್ ಸ್ಕ್ಯಾನ್ ಮಾಡಬೇಕು ಅಂದಿದ್ದರು. ಗಡ್ಡೆ ಬೇರೆ ಕಡೆ ಹಬ್ಬಿಲ್ಲದಿದ್ದರೆ ಆಪರೇಷನ್ನು, ಹಬ್ಬಿದ್ದರೆ ಅದೂ ಇಲ್ಲ. ಅವಳ ಗಂಡನಿಗೆ ಬೆಂಗಳೂರು ಅಂದರೆ ದಿಗಿಲು. ನಾನೇ ಕರೆದುಕೊಂಡು ಹೋದೆ. ಊರಿಗೆಲ್ಲ ಬುದ್ಧಿ ಹೇಳುವವಳು ನಾನಲ್ಲವೇ!

ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕಾದು ಅವಳ ಮುಖ ಬಾಡಿತು. ಸಕ್ಕರೆ ಕಾಯಿಲೆ ಬೇರೆ ಇತ್ತು. ನಾನು ನಮ್ಮ ತೋಟದ ಎಳನೀರನ್ನು ದೊಡ್ಡ ಬಾಟಲಿಗೆ ತುಂಬಿಸಿಕೊಂಡು ಹೋಗಿದ್ದೆ.

"ಬರಿ ನೀರು ಅಂದವ್ರೆ ಕಣವ್ವ," ಅಂದಳು.

"ಎಳನೀರು ನೀರಲ್ದೆ ಇನ್ನೇನಕ್ಕ? ಕುಡಿ ಸುಮ್ನೆ."

ನಮ್ಮ ಕಡೆ ಎಳನೀರನ್ನು ಯಾರು ತಿನ್ನುವುದರ ಲೆಕ್ಕಕ್ಕೆ ಹಿಡಿಯುತ್ತಾರೆ? ಉಪವಾಸದ ದಿನವೂ ಕುಡಿಯುವವರು ನಾವು. ಪಾಪ, ನನ್ನ ಮಾತು ನಂಬಿ ಬಾಟಲಿ ಪೂರ್ತಿ ಖಾಲಿ ಮಾಡಿದಳು.

ಬೆರಳು ಚುಚ್ಚಿ ನೋಡಿದ ನರ್ಸು ಹೌಹಾರಿದಳು. ರಕ್ತದಲ್ಲಿ ಸಕ್ಕರೆ ವಿಪರೀತ ಏರಿತ್ತು. ಸಿಟ್ಟಿನಲ್ಲೇ ಬಿಡಿಸಿ ಹೇಳಿದಳು. ಸ್ಕ್ಯಾನಿಗೆ ಚುಚ್ಚುವ ಔಷಧಿಯೂ ಒಂದು ಬಗೆಯ ಸಕ್ಕರೆಯಂತೆ. ಹಸಿದ ಗಡ್ಡೆ ಅದನ್ನು ಬಾಚಿಕೊಂಡು ಚಿತ್ರದಲ್ಲಿ ಹೊಳೆಯುತ್ತದಂತೆ. ಮೈತುಂಬ ಸಕ್ಕರೆ ಇದ್ದರೆ ಯಾವುದೂ ಸರಿಯಾಗಿ ಕಾಣದು. ಅವಳಿಗೆಂದು ಬೆಳಿಗ್ಗೆ ತರಿಸಿದ್ದ ಔಷಧಿ ನಾಳೆಗೆ ಉಳಿಯುವುದೂ ಇಲ್ಲ.

"ಏನಮ್ಮ ತಿಂದ್ರಿ?" ಅಂತ ಗದರಿದಳು.

ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ...

"ಬಸ್‌ಸ್ಟ್ಯಾಂಡಲ್ಲಿ ಒಂದು ಲಾಡು ತಿಂದ್ಬುಟ್ಟೆ ಕಣವ್ವ," ಅಂದಳು ನರ್ಸಿಗೆ.

ಅವತ್ತು ಸ್ಕ್ಯಾನ್ ಆಗಲಿಲ್ಲ. ಮತ್ತೆ ದಿನ ಸಿಕ್ಕಿದ್ದು ಮೂರು ವಾರಕ್ಕೆ. ಆ ಸಲದ ಚಿತ್ರದಲ್ಲಿ ಲಿವರು, ಬೆನ್ನುಮೂಳೆ, ಎಲ್ಲ ಕಡೆ ಹೊಳೆಯುತ್ತಿತ್ತು. ಆಪರೇಷನ್ ಇಲ್ಲ ಅಂದರು. ಮೂರು ವಾರದ ಹಿಂದೆಯೂ ಹೀಗೇ ಇತ್ತೇ ಅಂತ ಡಾಕ್ಟರನ್ನು ಕೇಳಿದೆ. ಹೇಳೋಕಾಗಲ್ಲ ಅಂದರು. ಇತ್ತು ಅಂದುಬಿಡಲಿ ಅಂತ ನಾನು ಕಾದಿದ್ದೆ, ಅಷ್ಟು ಪಾಪಿ ನಾನು.

ಗಂಡನಿಗೂ ಅವಳು ಲಾಡು ಅಂತಲೇ ಹೇಳಿದ್ದಳು. ಅವನು ಅವಳನ್ನು ಸಾಯುವವರೆಗೂ ಬಿಡಲಿಲ್ಲ. ದಿಂಬಿನ ಪಕ್ಕದಲ್ಲೇ ಕೂತು ಬೈಯುತ್ತಿದ್ದ. "ಒಂದು ಲಾಡಿಗೆ ಪ್ರಾಣ ಕಳ್ಕೊಂಡ್ಯಲ್ಲೇ! ನಾಲ್ಗೆ ಕಟ್ಟಕ್ಕಾಗ್ನಿಲ್ವ ನಿಂಗೆ?" ನಾನು ಗಂಜಿ ಹಿಡಿದುಕೊಂಡು ಅಲ್ಲೇ ನಿಂತಿರುತ್ತಿದ್ದೆ. ಅವಳು ಒಂದು ದಿನವೂ ನನ್ನ ಹೆಸರೆತ್ತಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ನಾನು ಗಂಜಿ ಪಾತ್ರೆ ತೊಳೆದುಕೊಂಡು ವಾಪಸು ಬರುತ್ತಿದ್ದೆ... ಅವಳು ಹೋಗಿಬಿಟ್ಟಳು.

ಅವಳಿಲ್ಲದ ಮನೆ ಬಿಕೋ ಅನ್ನುತ್ತದೆ ಅಂತ ಅವನು ಆಗಾಗ ನಮ್ಮ ಜಗಲಿಗೆ ಬಂದು ಕೂರುತ್ತಾನೆ. ನಿನ್ನೆಯೂ ಬಂದಿದ್ದ. ಕಾಫಿ ಕುಡಿದು ಲೋಟ ಕೆಳಗಿಟ್ಟ.

"ಅವಳ ಬಾಯ್ಚಪಲ ಕಣವ್ವ ಎಲ್ಲಾ ಮಾಡಿದ್ದು. ಇಲ್ದಿದ್ರೆ ಬದುಕಿರೋಳು."

"ಹೂಂ ಕಣಣ್ಣ," ಅಂದೆ.