ಕಡೆಯ ಪ್ಲೇಟು

ನಮ್ಮ ಮನೆಯವರು ತೀರಿಕೊಂಡ ಮೇಲೆ ವರ್ಷ ತುಂಬುವವರೆಗೆ ಫೋನೋ ಪೆಟ್ಟಿಗೆಯ ಮೇಲೆ ಒಂದು ಹಳೆಯ ದುಪ್ಪಟಿ ಹೊದಿಸಿಟ್ಟಿದ್ದೆ. ಸಾವಾದ ಮನೆಯಲ್ಲಿ ವರ್ಷವಿಡೀ ಹಾಡು ಹಚ್ಚಬಾರದು ಎಂಬುದು ನಮ್ಮ ರೂಢಿ. ನಾನು ಅದನ್ನು ಮುರಿಯಲಿಲ್ಲ. ಆದರೆ ವರ್ಷದ ಕಾರ್ಯ ಮುಗಿಸಿ ನೆಂಟರು ಕೊಪ್ಪಳ ಸ್ಟೇಷನ್ನಿನಲ್ಲಿ ರೈಲು ಹತ್ತಿದರೋ ಇಲ್ಲವೋ, ದುಪ್ಪಟಿ ತೆಗೆದು ಮಡಚಿಟ್ಟೆ. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾನು ಕೆಮ್ಮಿದರೆ ಅದನ್ನು ಕೇಳುವವಳೂ ನಾನೇ. ಅಷ್ಟು ಸುಮ್ಮನಿರುವ ಮನೆ ನನಗೆ ಸಾಕಾಗಿಹೋಗಿತ್ತು.

ಅರವತ್ತರ ಹತ್ತಿರ ಬಂದ ಹೆಂಗಸು, ಗಂಡನಿಲ್ಲದವಳು, ಒಬ್ಬಳೇ ಕೂತು ಫೋನೋ ಹಚ್ಚಿಕೊಂಡು ಕೇಳುತ್ತಾಳೆಂದರೆ ಓಣಿಯವರು ಆಡಿಕೊಳ್ಳದೆ ಬಿಡುತ್ತಾರೆಯೇ? ಬಾವಿಯ ಹತ್ತಿರ ಒಬ್ಬಾಕೆ ನನಗೆ ಕೇಳಿಸುವ ಹಾಗೆಯೇ, “ಮುದುಕಿಗೆ ನಾಟಕ ಕಂಪನಿ ಸೇರೂ ವಿಚಾರ ಐತೇನ?” ಎಂದಳು. “ಹೌದವ್ವಾ, ನೀನೂ ಬಾ. ಹಲ್ಲಿಲ್ಲದ ರಾಣಿ ಪಾರ್ಟು ನನಗ, ಕೊಡಾ ಹೊರೂ ದಾಸಿ ಪಾರ್ಟು ನಿನಗ” ಎಂದೆ. ಆಮೇಲೆ ಯಾರೂ ಎದುರಿಗೆ ಕೇಳಲಿಲ್ಲ. ಹಿಂದೆ ಆಡಿಕೊಂಡಿದ್ದರೆ ಆಡಿಕೊಳ್ಳಲಿ, ನನಗೆ ಕೇಳುವುದಕ್ಕೆ ಬೇರೆ ಇತ್ತು.

ನಮ್ಮ ಮನೆಯವರು ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಮಿಸ್ತ್ರಿಯಾಗಿದ್ದರು. ಹುಲಿಹೈದರ ಎಂಬ ಹಳ್ಳಿಯ ಕಡೆಯವರು. ಆ ಯಂತ್ರಗಳ ಗದ್ದಲದಲ್ಲಿ ಇಡೀ ಆಯುಷ್ಯ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಜಗಳಕ್ಕೆ ಬಂದವರ ಹಾಗೆ ಕೇಳುತ್ತಿದ್ದರು. ಒಮ್ಮೆ ಊರಲ್ಲಿ ಮೊಕ್ಕಾಂ ಮಾಡಿದ್ದ ಒಂದು ನಾಟಕ ಕಂಪನಿ ಮುರಿದುಬಿದ್ದು, ಪರದೆ ಪೋಷಾಕುಗಳನ್ನೆಲ್ಲ ಮಾರಿಕೊಂಡು ಹೋಯಿತು. ಆಗ ಇವರು ಈ ಪೆಟ್ಟಿಗೆ, ಅದರ ಹಿತ್ತಾಳೆಯ ಕಹಳೆ, ಒಂದು ಟ್ರಂಕು ತುಂಬ ಹಾಡಿನ ಪ್ಲೇಟು ತಂದರು. ಮುಂದೆ ಹುಬ್ಬಳ್ಳಿಗೆ, ಗದಗಿಗೆ ಹೋದಾಗಲೆಲ್ಲ ಒಂದೊಂದು ಪ್ಲೇಟು ತರುವುದು ಚಟವಾಯಿತು. ನನಗೆ ಒಂದು ಸೀರೆ ತರಲು ಮರೆತರೂ ಪ್ಲೇಟು ಮರೆಯುತ್ತಿರಲಿಲ್ಲ.

ಸಂಜೆ ಜಿನ್ನು ಬಿಟ್ಟ ಮೇಲೆ ಪಡಸಾಲೆಯಲ್ಲಿ ಗಂಡಸರ ಕೂಟ. ಅಡಿಗೆಮನೆಗೂ ಪಡಸಾಲೆಗೂ ನಡುವೆ ಒಂದು ಖೋಲಿ, ಎರಡು ಬಾಗಿಲು. ಹೆಂಗಸರು ಗಂಡಸರ ಎದುರು ಹೋಗಿ ಕೂಡುವ ಮಾತೇ ಇರಲಿಲ್ಲ. ನಾನು ಕಸ ಹೊಡೆಯುವಾಗ ಆ ಪೆಟ್ಟಿಗೆಯನ್ನು ನೋಡುತ್ತಿದ್ದೆ, ಒರೆಸುತ್ತಿದ್ದೆ. ಅದು ಹಾಡುವುದನ್ನು ಮಾತ್ರ ಅವರು ಬದುಕಿರುವ ತನಕ ಕಣ್ಣಿನಿಂದ ನೋಡಲಿಲ್ಲ. ನನಗೆ ಹಾಡೆಂದರೆ ಗೋಡೆಯ ಆಚೆಯಿಂದ ಬರುವಂಥದ್ದು.

ಮಂದಿಯೆಲ್ಲ ಎದ್ದುಹೋದ ಮೇಲೆ ಅವರು, ಅವರ ಒಬ್ಬ ಗೆಳೆಯರು, ಇಬ್ಬರೇ ಉಳಿಯುತ್ತಿದ್ದರು. ಆ ಗೆಳೆಯರು ಜಿನ್ನಿನಲ್ಲಿ ಹತ್ತಿ ತೂಗುತ್ತಿದ್ದವರು. ಅವರಿಬ್ಬರೇ ಇದ್ದಾಗ ಕಡೆಯದಾಗಿ ಒಂದು ಹಾಡು ಬರುತ್ತಿತ್ತು. ಮೊದಲು ಬಹಳ ಹೊತ್ತು ಬರೀ ಖರ್ ಖರ್ ಸಪ್ಪಳ. ಆ ಸಪ್ಪಳದ ಒಳಗಿಂದ ಮೆಲ್ಲಗೆ ಒಂದು ಗಂಡು ಧ್ವನಿ. ಪೇಟಿಯಿಲ್ಲ, ತಬಲವಿಲ್ಲ. ಬಂಡಿ ಹೊಡೆಯುವವನೇ ಸ್ವಲ್ಪ ನಿಲ್ಲು, ನನ್ನವರ ಮುಖ ಒಂದು ಸಲ ನೋಡಿ ಬರುತ್ತೇನೆ ಎಂದು ಕೇಳಿಕೊಳ್ಳುವ ಹಾಡು. ಆ ಹೊತ್ತಿಗೆ ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿರುತ್ತಿದ್ದೆ. ಅದು ಶುರುವಾದರೆ ನನ್ನ ಕೈ ತಾನಾಗಿಯೇ ನಿಲ್ಲುತ್ತಿತ್ತು. ಎಷ್ಟೋ ರೊಟ್ಟಿ ಆ ಹಾಡಿಗೆ ಸೀದುಹೋಗಿವೆ.

ಕೊನೆಕೊನೆಗೆ ಆ ಹಾಡು ನಿಂತುಹೋಯಿತು. ಅಷ್ಟರಲ್ಲಿ ನಮ್ಮ ಮನೆಯವರ ಎದೆಯಲ್ಲಿ ಹತ್ತಿಯ ಧೂಳು ಕೂತು ಕೆಮ್ಮು ಹತ್ತಿತ್ತು. “ಕಡೀ ಪ್ಲೇಟು ಯಾಕ ಹಚ್ಚೂದಿಲ್ರಿ ಈಗ?” ಎಂದು ಕೇಳಿದೆ. “ಅದು ಸವದ ಹೋಗೈತಿ” ಎಂದರು. ಅಷ್ಟೇ.

ಹೀಗಾಗಿ ದುಪ್ಪಟಿ ತೆಗೆದ ದಿನ ನನಗೆ ಬೇಕಾಗಿದ್ದದ್ದು ಅದೊಂದೇ. ಸವೆದಿದ್ದರೆ ಸವೆದಿರಲಿ, ನಾನೇನು ಹೊಸ ಮದುವಣಗಿತ್ತಿಯೇ? ಸವೆದ ಪ್ಲೇಟಿಗೆ ಸವೆದ ಕಿವಿ ಸಾಕು ಎಂದುಕೊಂಡೆ. ಆದರೆ ಪೆಟ್ಟಿಗೆ ನನಗೆ ಸುಲಭಕ್ಕೆ ಒಲಿಯಲಿಲ್ಲ. ಕೀಲಿ ಕಮ್ಮಿ ಕೊಟ್ಟರೆ ಹಾಡುವವಳಿಗೆ ನಿದ್ದೆ ಬಂದ ಹಾಗೆ ರಾಗ ಎಳೆಯುತ್ತಿತ್ತು. ಸೂಜಿಗಳು ಬೇಗ ಮುಗಿದವು. ಯುದ್ಧದ ಕಾಲ, ಪೇಟೆಯಲ್ಲಿ ಸೂಜಿ ಕೇಳಿದರೆ ಅಂಗಡಿಯವರು ನಗುತ್ತಿದ್ದರು. ನಾನು ಹಿತ್ತಲ ಬೇಲಿಯ ಜಾಲಿಮುಳ್ಳು ಮುರಿದು ತಂದು, ಒಣಗಿಸಿ, ಸೂಜಿಯ ಜಾಗಕ್ಕೆ ಸಿಗಿಸಿದೆ. ಧ್ವನಿ ಸಣ್ಣದಾಯಿತು, ಆದರೆ ಇಂಪಾಗಿತ್ತು. ಒಂದು ಹಾಡಿಗೆ ಒಂದು ಮುಳ್ಳು. ಬೇಲಿ ತುಂಬ ಮುಳ್ಳಿತ್ತು.

ಪ್ಲೇಟಿನ ಮೇಲಿನ ಅಕ್ಷರಗಳು ಇಂಗ್ಲಿಷಿನವು. ನನ್ನ ತವರು ನವಲಿಯಲ್ಲಿ ನಮ್ಮಪ್ಪ ನನಗೆ ಕನ್ನಡ ಓದಿಸಿದ್ದ, ಇಂಗ್ಲಿಷು ಅವನಿಗೂ ಬರುತ್ತಿರಲಿಲ್ಲ. ಅದಕ್ಕೆ ನಾನೇ ಚೀಟಿ ಬರೆದು ಗಂಜಿ ಹಚ್ಚಿ ಚೀಲಗಳ ಮೇಲೆ ಅಂಟಿಸಿದೆ. ಒಬ್ಬಳಿಗೆ ‘ಅಳಬುರುಕಿ’ ಎಂದು ಹೆಸರಿಟ್ಟೆ. ಇನ್ನೊಬ್ಬನಿಗೆ ‘ಮೂಗಿನಿಂದ ಹಾಡಾಂವ’. ಒಂದು ಶಹನಾಯಿಗೆ ‘ಬೀಗರು ಬಂದರು’. ಗೋಡೆಯ ಆಚೆಯಿಂದ ಕೇಳಿ ಗುರುತಾಗಿದ್ದವರೆಲ್ಲ ಒಬ್ಬೊಬ್ಬರಾಗಿ ಸಿಕ್ಕರು. ನಮ್ಮ ಮನೆಯವರ ಕುರ್ಚಿಯ ಮೇಲೆ ಕೂತು, ಕಾಲು ಚಾಚಿ, ಕಹಳೆಯ ಎದುರಿಗೇ ಕೇಳಿದೆ. ಸುಳ್ಳು ಯಾಕೆ ಹೇಳಲಿ, ಭಾಳ ಸುಖವಾಯಿತು. ಆ ಸುಖದಲ್ಲೇ ಪಕ್ಕಕ್ಕೆ ತಿರುಗಿ “ಛಲೋ ಐತಲ್ರಿ?” ಅನ್ನಲು ಹೋಗುತ್ತಿದ್ದೆ. ಪಕ್ಕದಲ್ಲಿ ಯಾರಿದ್ದರು? ಆಗ ಹಾಡು ಮುಗಿಯುವ ಮೊದಲೇ ಮುಳ್ಳು ಎತ್ತಿಬಿಡುತ್ತಿದ್ದೆ.

ಎಲ್ಲರೂ ಸಿಕ್ಕರು, ಬಂಡಿಯ ಹಾಡಿನವನೊಬ್ಬ ಸಿಗಲಿಲ್ಲ. ಟ್ರಂಕಿನ ತಳ ಕಾಣುವ ತನಕ ಹುಡುಕಿದೆ. ಒಂದೊಂದನ್ನೂ ಬೆಳಕಿಗೆ ಹಿಡಿದು ಹೆಚ್ಚು ಸವೆದದ್ದು ಯಾವುದೆಂದು ನೋಡಿದೆ. ಅಳಬುರುಕಿಯ ಪ್ಲೇಟು ವಿಚಿತ್ರವಾಗಿ ಸವೆದಿತ್ತು. ಹಾಡಿನ ಭಾಗವೆಲ್ಲ ಕರ್ರಗೆ ಮಿರಿಮಿರಿ. ಹಾಡು ಮುಗಿದ ಮೇಲೆ ನಡುವಿನ ಚೀಟಿಯ ಸುತ್ತ ಒಂದು ಗೆರೆ ಬರುತ್ತದಲ್ಲ, ಅದು ಮಾತ್ರ ಬೆಳ್ಳಗೆ ಬೂದಿಯಾಗಿಹೋಗಿತ್ತು. ಹಾಕಿ ನೋಡಿದೆ. ಅಳಬುರುಕಿ ಅತ್ತಳು, ಮುಗಿಸಿದಳು, ಆಮೇಲೆ ಖರ್ ಖರ್. ಆ ಖರ್ ಖರ್ ನನಗೆ ಚೆನ್ನಾಗಿ ಗುರುತಿನದು. ಇನ್ನೇನು ಬಂತು ಎಂದು ಉಸಿರು ಹಿಡಿದು ಕೂತೆ. ಕೀಲಿ ಇಳಿದು ಪೆಟ್ಟಿಗೆ ನಿಂತಿತು. ಹಾಡು ಬರಲಿಲ್ಲ.

ನನ್ನ ತಲೆಗೆ ಆಗ ಒಂದು ಸಂಶಯ ಹೊಕ್ಕಿತು. ಹತ್ತಿ ತೂಗುವ ಗೆಳೆಯರು ಜಿನ್ನು ಬಿಟ್ಟು ಗಂಗಾವತಿಯಲ್ಲಿ ಮಗನ ಮನೆ ಸೇರಿದ್ದರು. ಹೋಗುವಾಗ ಆ ಪ್ಲೇಟನ್ನು ಇಸಕೊಂಡು ಹೋಗಿರಬೇಕು, ಇವರು ಗೆಳೆಯನ ಮುಖ ನೋಡಿ ಕೊಟ್ಟು ನನಗೆ ಸವೆದಿದೆ ಎಂದು ಹೇಳಿರಬೇಕು. ಯೋಚಿಸಿದಷ್ಟೂ ಅದೇ ಖರೆ ಅನ್ನಿಸಿತು. ಬುತ್ತಿ ಕಟ್ಟಿಕೊಂಡು ಗಂಗಾವತಿಯ ಮೋಟಾರು ಹತ್ತಿದೆ. ಪೆಟ್ರೋಲು ಸಿಗದ ಆ ದಿನಗಳಲ್ಲಿ ಮೋಟಾರು ಇದ್ದಲಿನ ಹೊಗೆಯಿಂದ ಓಡುತ್ತಿತ್ತು. ಏರು ಬಂದಲ್ಲೆಲ್ಲ ಇಳಿದು ನಡೆಯಬೇಕು. ನಡೆಯುತ್ತ ನಡೆಯುತ್ತ ಅವರಿಗೆ ಅನ್ನಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡೆ.

ಅವರು ಕಟ್ಟೆಯ ಮೇಲೆ ಕೂತಿದ್ದರು, ಬಹಳ ಇಳಿದುಹೋಗಿದ್ದರು. ನನ್ನನ್ನು ನೋಡಿ “ಬಾ ತಂಗೆವ್ವಾ, ಒಬ್ಬಾಕೀನ ಬಂದ್ಯಾ?” ಎಂದರು. ನೀರು ಕೊಟ್ಟರು. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಅರ್ಧ ಉದುರಿಹೋದವು.

“ಅಣ್ಣಾರ, ನಮ್ಮ ಮನಿ ಪ್ಲೇಟೊಂದು ನಿಮ್ಮ ಕಡೆ ಉಳದೈತಿ. ಕೊಟ್ಟ ಬಿಡ್ರಿ” ಎಂದೆ.

“ಯಾವ ಪ್ಲೇಟವ್ವಾ?”

“ಎಲ್ಲಾರೂ ಹೋದ ಮ್ಯಾಲೆ ಕಡೀಕ ಹಚ್ಚತಿದ್ರಲ್ಲ. ಬಂಡಿ ಹೊಡಿಯಾಂವಂದು.”

ಅವರು ಮೊದಲು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ನಿನಗ ಗೊತ್ತಿಲ್ಲೇನ ತಂಗೆವ್ವಾ? ಅದು ಪ್ಲೇಟಲ್ಲ. ಅದು ನಿನ್ನ ಗಂಡ, ಅಂವನ ಹಾಡ್ತಿದ್ದ.”

ಆಮೇಲೆ ಅವರೇ ಬಿಡಿಸಿ ಹೇಳಿದರು. “ಪ್ಲೇಟು ಮುಗದ ಮ್ಯಾಲೆ ಸೂಜಿ ಎತ್ತತಿದ್ದಿಲ್ಲ. ಖರ್ ಖರ್ ಅನ್ನೂದು ಹಂಗ ಬಿಟ್ಟು, ಕಹಳಿ ಹತ್ರ ಮುಖಾ ಇಟ್ಟು ಹಾಡ್ತಿದ್ದ. ಕೇಳಿದವರು ಪ್ಲೇಟು ಅಂತ ತಿಳಕೊಳ್ಳಲಿ ಅಂತ. ಸಣ್ಣಾಂವಿದ್ದಾಗ ಕಂಪನಿ ಸೇರತೀನಿ ಅಂತ ಓಡಿ ಹೋಗಿದ್ದನಂತ. ಅವರಪ್ಪ ಇದೇ ಗಂಗಾವತಿಯಿಂದ ಹುಲಿಹೈದರ ತನಕ ಹೊಡಕೋತ ಕರಕೊಂಡು ಹೋದನಂತ. ಆವಾಗಿಂದ ಮಂದಿ ಮುಂದ ಬಾಯಿ ತೆರಿಲಿಲ್ಲ ಅಂವಾ.”

“ನಾ ಮಂದಿ ಏನ್ರಿ?” ಎಂದೆ. ನನ್ನ ಧ್ವನಿ ಏರಿತ್ತು.

ಅವರು ನೆಲ ನೋಡಿದರು. “ನಾನೂ ಹೇಳಿದ್ದೆವ್ವಾ, ಒಳಗಿನಾಕೀನ್ನ ಕರಿಯೋ, ಕುಂತು ಕೇಳಲಿ ಅಂತ. ಬ್ಯಾಡೋ, ಆಕಿ ಎದುರಿಗೆ ಕುಂತ್ರ ನನಗ ಧ್ವನೀನ ಹೊಂಡೂದಿಲ್ಲ ಅಂತಿದ್ದ. ಆದರ ಒಳಗ ರೊಟ್ಟಿ ಬಡಿಯೂ ಸಪ್ಪಳ ನಿಂತ್ರ, ಕೇಳಾಕತ್ತಾಳ ನೋಡು ಅಂತ ನನಗ ಕೈಸನ್ನಿ ಮಾಡ್ತಿದ್ದ.”

ಆ ಹಾಡನ್ನು ಒಮ್ಮೆ ಹಾಡಿ ತೋರಿಸಿ ಎಂದು ಕೇಳಿದೆ. ಪಾಪ, ಪ್ರಯತ್ನ ಮಾಡಿದರು. ಮಾತುಗಳು ಅವೇ ಇದ್ದವು. ಬೇರೆ ಏನೂ ಆ ಹಾಡಿನದಾಗಿರಲಿಲ್ಲ. ಕೈಮುಗಿದು ಎದ್ದೆ.

ತಿರುಗಿ ಬರುವಾಗ ಮೋಟಾರಿನಲ್ಲಿ ಮುಖಕ್ಕೆ ಸೆರಗು ಹಾಕಿಕೊಂಡು ಅತ್ತೆ. ಇದ್ದಲಿನ ಹೊಗೆ ಎಂದು ಪಕ್ಕದವಳು ತಿಳಿದುಕೊಂಡಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ಒಂದೇ ಸೂರಿನ ಕೆಳಗೆ ಇಡೀ ಸಂಸಾರ ಮಾಡಿದ್ದೇವೆ. ಜ್ವರ ಬಂದಾಗ ಅವರ ಹೇಸಿಗೆ ಬಳಿದಿದ್ದೇನೆ. ಆ ಮನುಷ್ಯನ ಗಂಟಲಲ್ಲಿ ಅಂಥ ಧ್ವನಿ ಇತ್ತೆಂದು ನನಗೆ ಗೊತ್ತಿರಲಿಲ್ಲ. ಕರೆದಿದ್ದರೆ ನಾನು ಬೆನ್ನು ತಿರುಗಿಸಿ ಕೂಡುತ್ತಿದ್ದೆ. ಕತ್ತಲೆಯ ಖೋಲಿಯಲ್ಲಿ ಕೂಡುತ್ತಿದ್ದೆ. ನಾನಾದರೂ ಎರಡು ಬಾಗಿಲು ದಾಟಿ ಹೋಗಿ ಇಣುಕಬಹುದಿತ್ತಲ್ಲ, ನನ್ನ ಕಾಲಿಗೆ ಯಾರೇನೂ ಹಗ್ಗ ಕಟ್ಟಿರಲಿಲ್ಲ. ಹೋಗಲಿಲ್ಲ. ಹೋಗಬೇಕೆಂದು ಅನ್ನಿಸಲೂ ಇಲ್ಲ, ಒಲೆಯ ಮೇಲೆ ಹಂಚಿತ್ತು.

ಈಗಲೂ ಸಂಜೆ ಪೆಟ್ಟಿಗೆ ಹಚ್ಚುತ್ತೇನೆ. ಹಾಡುಗಳಲ್ಲಿ ಮೊದಲಿನಷ್ಟೇ ಸುಖವಿದೆ, ಇಲ್ಲವೆಂದರೆ ಪಾಪ ಬರುತ್ತದೆ. ಅಳಬುರುಕಿಯ ಪ್ಲೇಟನ್ನು ಮಾತ್ರ ಹಾಡು ಮುಗಿಯುತ್ತಲೇ ತೆಗೆದುಬಿಡುತ್ತೇನೆ.

ಗಂಗಾವತಿಗೆ ಹೋಗಿಬಂದ ಮೇಲೆ, ಮರೆತೇಹೋಗಿದ್ದ ಒಂದು ಸಂಜೆ ನೆನಪಿಗೆ ಬಂದಿದೆ, ಬಂದದ್ದು ಹೋಗುತ್ತಿಲ್ಲ. ನಮ್ಮ ಮನೆಯವರಿಗೆ ಆಗಿನ್ನೂ ಕೆಮ್ಮು ಹತ್ತಿರಲಿಲ್ಲ. ನಡುವಿನ ಖೋಲಿಯಲ್ಲಿ ಊಟಕ್ಕೆ ಕೂತಿದ್ದರು. ನಾನು ಬಡಿಸುತ್ತ ಕೇಳಿದೆ, “ಕಡೀ ಪ್ಲೇಟಿನ್ಯಾಗ ಹಾಡ್ಯಾನಲ್ಲ, ಯಾರ್ರೀ ಅಂವಾ?”

“ಯಾಕ?” ಎಂದರು.

“ಸುಮ್ನ ಕೇಳಿದೆ. ಯಾರರೇ ಇರಲಿ, ಅವನ ಹೆಂಡ್ತಿ ಪುಣ್ಯಾ ಮಾಡ್ಯಾಳ ನೋಡ್ರಿ. ದಿನಾ ಮನ್ಯಾಗ ಕುಂತು ಕೇಳ್ತಾಳ.”

ಅವರು ತಲೆ ಎತ್ತಲಿಲ್ಲ. ಮುರಿದ ರೊಟ್ಟಿ ಕೈಯಲ್ಲೇ ಇತ್ತು. ಆ ದೊಡ್ಡ ಗಂಟಲಿನವರು ಬಹಳ ಮೆಲ್ಲಗೆ, “ಅದು ಆಕಿಗೆ ಗೊತ್ತಿರಬೇಕಲ್ಲ” ಎಂದರು.

ನಾನು ನಕ್ಕು, ಪಲ್ಯ ತರಲು ಒಳಗೆ ಹೋದೆ.