ಕೈಗೆಟುಕದ ವಾಲ್ವ್

ಮೂರು ದಿನದಿಂದ ನಮ್ಮ ಅಡುಗೆಮನೆಯಲ್ಲಿ ನೆನೆದ ಪ್ಲೈವುಡ್ಡಿನ ವಾಸನೆ. ನಿಮ್ಮ ಮನೆಯ ಸಿಂಕಿನ ಕೆಳಗೂ ಕಪಾಟಿದ್ದರೆ ಅದು ನಿಮಗೆ ಹೊಸದಲ್ಲ: ಹಳೆಯ ಗೋಣಿಚೀಲ, ಗೋಂದು, ಜೊತೆಗೆ ಎಲ್ಲೋ ಕೊಳೆಯುತ್ತಿರುವ ಇನ್ನೇನೋ. ಸೋಮವಾರ ಬೆಳಿಗ್ಗೆ ನಾನು ಒಗ್ಗರಣೆ ಹಾಕಿ ತಿರುಗುವಷ್ಟರಲ್ಲಿ ಸಿಂಕಿನ ಕೆಳಗಿನ ಪೈಪು ಕಳಚಿಕೊಂಡು ನೀರು ಚಿಮ್ಮತೊಡಗಿತು. ನೀರು ನಿಲ್ಲಿಸಲು ವಾಲ್ವ್ ಇರಲಿಲ್ಲವೆಂದಲ್ಲ. ಇತ್ತು. ಕಪಾಟಿನ ಹಿಂದಿನ ಹಲಗೆಯ ಆಚೆ, ಗೋಡೆಗೆ ಅಂಟಿಕೊಂಡು ಸುಖವಾಗಿತ್ತು. ಮೊಣಕಾಲೂರಿ, ತಲೆಯನ್ನು ಕಪಾಟಿನೊಳಗೆ ತೂರಿಸಿ, ಹಲಗೆಯ ಪಕ್ಕದ ಸಂದಿಯಲ್ಲಿ ಭುಜದವರೆಗೆ ಕೈ ಚಾಚಿದೆ. ಬೆರಳ ತುದಿ ವಾಲ್ವನ್ನು ಮುಟ್ಟುತ್ತಿತ್ತು, ತಿರುಗಿಸಲಾಗುತ್ತಿರಲಿಲ್ಲ. ನಮ್ಮವರು ಹಿಂದೆ ನಿಂತು, "ಎಡಕ್ಕ ತಿರುಗಸು, ಎಡಕ್ಕ" ಎಂದು ಮಾರ್ಗದರ್ಶನ ಮಾಡುತ್ತಿದ್ದರು. ವಾಲ್ವ್ ಮುಚ್ಚುವುದು ಬಲಕ್ಕೆ ಎಂಬುದನ್ನು ಇಷ್ಟು ವರ್ಷದ ಸಂಸಾರದಲ್ಲಿ ಅವರಿಗೆ ಕಲಿಸುವುದು ನನ್ನಿಂದಾಗಿಲ್ಲ.

ಪ್ಲಂಬರ್ ಶಿಂದೆ ಬಂದು, ಟೆರೇಸ್ ಹತ್ತಿ, ಟ್ಯಾಂಕಿನಿಂದಲೇ ನೀರು ಬಂದ್ ಮಾಡುವ ಹೊತ್ತಿಗೆ ಕೆಳಗಿನ ಮನೆಯವರ ಅಡುಗೆಮನೆಯಲ್ಲಿ ಮಳೆ ಸುರಿದು ಮುಗಿದಿತ್ತು. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿ, ಹೀಗೇಕಾಯಿತೆಂದು ಸಂಜೆಯೊಳಗೆ ಬರೆದುಕೊಡಿ ಎಂದರು. ಆ ಪೈಪನ್ನು ಹೋದ ತಿಂಗಳು ಕೂಡಿಸಿದ್ದವನು ಶಿಂದೆಯೇ. ಹಾಗಾಗಿ ಕುಳಿತು ಪೆನ್ನು ಹಿಡಿದೊಡನೆ ಮೊದಲ ಸಾಲು ತಾನಾಗಿ ಬಂತು: "ಪ್ಲಂಬರನ ಅಜಾಗರೂಕತೆಯಿಂದಾಗಿ". ಅಲ್ಲಿಗೆ ಪೆನ್ನು ನಿಂತಿತು. ಈ ಸಾಲನ್ನು ನಾನು ಹಿಂದೊಮ್ಮೆ ಬರೆದಿದ್ದೇನೆ. ಆಗ ಅದು ಇಂಗ್ಲಿಷಿನಲ್ಲಿತ್ತು, ಪ್ಲಂಬರನ ಜಾಗದಲ್ಲಿ ಬೇರೊಬ್ಬರಿದ್ದರು.

ನನ್ನ ಕಸುಬು ಕೆಮಿಕಲ್ ಎಂಜಿನಿಯರಿಂಗ್. ಹೀಗೆಂದರೆ ಜನ ನಾನು ಬಿಳಿ ಕೋಟು ಹಾಕಿಕೊಂಡು ಗಾಜಿನ ನಳಿಗೆ ಅಲ್ಲಾಡಿಸುತ್ತೇನೆ ಎಂದುಕೊಳ್ಳುತ್ತಾರೆ. ಧಾರವಾಡದ ನನ್ನ ಅತ್ತೆಯೊಬ್ಬರು ಜಿರಲೆಗೆ ಔಷಧ ಕೇಳಿದ್ದರು. ನಿಜವಾಗಿ ನಾನು ಮಾಡುವುದು ಪುಣೆಯ ಒಂದು ಡಿಸೈನ್ ಆಫೀಸಿನಲ್ಲಿ ಕುಳಿತು ಕಾರ್ಖಾನೆಗಳ ನಕ್ಷೆ ಬರೆಯುವುದು. ಯಾವ ಪಾತ್ರೆ ಎಷ್ಟು ದೊಡ್ಡದಿರಬೇಕು, ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಲ್ಲೆಲ್ಲಿ ವಾಲ್ವ್ ಇರಬೇಕು. ಊರಿನ ನಲ್ಲಿ ಇಲಾಖೆಯ ಕೆಲಸವೇ, ನೀರಿನ ಬದಲು ಮೈಸುಡುವ ದ್ರವಗಳು.

ಈ ಕಸುಬಿನಲ್ಲಿ ನನಗೆ ತಲೆಚಿಟ್ಟು ಹಿಡಿಸುವ ಚಾಳಿಯೊಂದಿದೆ, ಹೇಳಿಬಿಡುತ್ತೇನೆ. ತುಂಬಿದ ಮನೆಯಲ್ಲಿ ಸಾರಿಗೆ ಉಪ್ಪು ಹಾಕಿದ ಹಾಗೆ ಅದು. ಅತ್ತೆ ಹಾಕಿರುತ್ತಾಳೆ, ಗೊತ್ತಿಲ್ಲದೆ ಸೊಸೆ ಹಾಕುತ್ತಾಳೆ, ಹೋಗುತ್ತ ಬರುತ್ತ ನಾದಿನಿಯೂ ಒಂದು ಚಿಟಿಕೆ ಹಾಕುತ್ತಾಳೆ. ಕಾರ್ಖಾನೆಯವರು ನೂರು ಲೀಟರ್ ಬೇಕಾದಲ್ಲಿ ಇರಲಿ ಎಂದು ನೂರಿಪ್ಪತ್ತು ಎನ್ನುತ್ತಾರೆ. ನಾನು ನನ್ನ ಜೀವದ ನೆಮ್ಮದಿಗೆ ಸ್ವಲ್ಪ ಸೇರಿಸುತ್ತೇನೆ, ನನ್ನ ಸಾಹೇಬರು ಅವರ ಹುದ್ದೆಗೆ ತಕ್ಕಷ್ಟು. ವಾಲ್ವ್ ಮಾರುವವನು ಈ ಅಳತೆಯದಿಲ್ಲ, ಮುಂದಿನ ಸೈಜು ಕೊಡುತ್ತೇನೆ ಎನ್ನುತ್ತಾನೆ. ಕೊನೆಗೆ ಬಂದು ಕೂರುವ ವಾಲ್ವ್ ಎಷ್ಟು ದೊಡ್ಡದೆಂದರೆ ಕೂದಲೆಳೆಯಷ್ಟು ತೆರೆದರೆ ಪ್ರವಾಹ, ಮುಚ್ಚಿದರೆ ಬರಗಾಲ. ಯಾರು ಎಷ್ಟು ಸೇರಿಸಿದಿರಿ ಎಂದು ಒಬ್ಬರನ್ನೊಬ್ಬರು ಕೇಳಬೇಡವೇ? ಕೇಳುವುದಿಲ್ಲ. ಎಲ್ಲರೂ ಜಾಣರು.

ಇಪ್ಪತ್ತು ವರ್ಷಗಳ ಹಿಂದೆ ಪುಣೆಯ ಪಕ್ಕದ ಭೋಸರಿಯ ಒಂದು ಸಣ್ಣ ಕಾರ್ಖಾನೆಗೆ ನಾನು ಇಂಥದೇ ಜಾಣತನದ ನಕ್ಷೆ ಬರೆದುಕೊಟ್ಟೆ. ಅಲ್ಲಿ ಪೇಂಟಿಗೆ ಬೇಕಾದ ರಾಳ ಕಾಯಿಸುತ್ತಿದ್ದರು. ಹದ ಬಂದ ಕೂಡಲೇ ಪಾತ್ರೆಯ ಸುತ್ತ ತಣ್ಣೀರು ಹರಿಸಬೇಕು. ತಡವಾದರೆ ಒಳಗಿನದೆಲ್ಲ ಕಲ್ಲಾಗಿ ಕೂರುತ್ತದೆ, ಉಳಿ ಹಿಡಿದು ಕೆತ್ತಬೇಕಾಗುತ್ತದೆ. ತಣ್ಣೀರಿಗೆ ತಾನೇ ತೆರೆದು ಮುಚ್ಚಿಕೊಳ್ಳುವ ದೊಡ್ಡ ವಾಲ್ವೊಂದನ್ನು ಹಾಕಿದೆ. ಅದು ಕೆಟ್ಟರೆ ಇರಲೆಂದು ಪಕ್ಕದ ದಾರಿಯಲ್ಲಿ ಕೈಯಿಂದ ತಿರುಗಿಸುವ ಇನ್ನೊಂದು. ಈ ಎರಡನೆಯದನ್ನು ಯಾರು ದಿನಾ ಮುಟ್ಟುತ್ತಾರೆ ಎಂದುಕೊಂಡು, ಎರಡು ಬಾಗು ಪೈಪಿನ ಖರ್ಚು ಉಳಿಯುವ ಹಾಗೆ, ಎಂಟಡಿ ಎತ್ತರದಲ್ಲಿ, ಹಬೆಯ ಪೈಪಿನ ಮಗ್ಗುಲಲ್ಲೇ ಇಟ್ಟೆ. ಕಾಗದದ ಮೇಲೆ ಬಹಳ ಚೆಂದ ಕಾಣುತ್ತಿತ್ತು. ಸಾಹೇಬರು ಬೆನ್ನು ತಟ್ಟಿದರು.

ಆ ಕಾರ್ಖಾನೆಯಲ್ಲಿ ಹಿರೇಮಠರು ಆಪರೇಟರ್ ಆಗಿದ್ದರು. ಗೋಕಾಕ ಕಡೆಯವರು, ಗಿಡ್ಡ ಆಳು, ಸದಾ ಹೆಗಲ ಮೇಲೊಂದು ಹತ್ತಿಯ ವಸ್ತ್ರ. ಪಾತ್ರೆಯ ಸದ್ದು ಕೇಳಿಯೇ ಹದ ಹೇಳುತ್ತಿದ್ದರು. ಮುಂದಿನ ಶಿಫ್ಟ್ ಇನ್‌ಚಾರ್ಜ್ ಅವರೇ ಎಂದು ಎಲ್ಲರಿಗೂ ಗೊತ್ತಿತ್ತು. ಹೊರಗೆಲ್ಲ ಮರಾಠಿಯಲ್ಲೇ ದಿನ ಕಳೆಯುವ ನಮಗಿಬ್ಬರಿಗೂ ಕನ್ನಡ ಸಿಕ್ಕ ಖುಷಿಗೆ ಮೊದಲ ದಿನವೇ ಸಲಿಗೆ ಬೆಳೆಯಿತು. ಕಾರ್ಖಾನೆ ಶುರುವಾಗಿ ತಿಂಗಳಾಗುವ ಹೊತ್ತಿಗೆ ಅವರೇ ಫೋನ್ ಮಾಡಿದರು.

"ಮೇಡಂ, ನಿಮ್ಮ ದೊಡ್ಡ ವಾಲ್ವ್ ಹುಚ್ಚಾಟ ಮಾಡ್ತದ್ರಿ. ಅದನ್ನ ಬಂದ್ ಇಟ್ಟು, ಮ್ಯಾಲಿಂದು ಕೈಲೆ ತಿರುವಿ ಕೆಲಸಾ ಮಾಡಾಕತ್ತೇವಿ. ಒಮ್ಮೆ ಬಂದು ನೋಡಿ ಹೋಗ್ರಿ."

"ನಕ್ಷೆಯ ಪ್ರಕಾರ ಎಲ್ಲಾ ಸರಿ ಅದ ಅಲ್ರಿ" ಎಂದೆ ನಾನು.

"ಕಾಗದದ ಮ್ಯಾಲ ಎಲ್ಲಾ ಕೈಗೆ ಸಿಗ್ತಾವ್ರಿ. ಇಲ್ಲಿ ಬಂದು ನಿಂತು ನೋಡ್ರಿ."

ನಾನು ಹೋಗಲಿಲ್ಲ. ಕೆಲಸವಿತ್ತು. ಕೆಲಸ ಯಾರಿಗಿರುವುದಿಲ್ಲ ಹೇಳಿ. ಅವರು ಪ್ರತಿ ಸಲ ರಾಳ ಹದಕ್ಕೆ ಬಂದಾಗಲೂ ಖಾಲಿ ಡ್ರಮ್ಮೊಂದನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ, ಬಿಸಿ ಪೈಪಿಗೆ ಮೈ ತಾಗದಂತೆ ವಾರೆಯಾಗಿ ನಿಂತು ಆ ವಾಲ್ವ್ ತಿರುಗಿಸುತ್ತಿದ್ದರು. ಒಂದು ದಿನ ಡ್ರಮ್ಮು ಜಾರಿತು. ಬಲಗೈ ಕೆಳಗೆ ಮಾಡಿ ಬಿದ್ದರು, ಮಣಿಕಟ್ಟು ಎರಡು ಕಡೆ ಮುರಿಯಿತು.

ಕಾರ್ಖಾನೆಯವರು ಕಾರಣ ಕೇಳಿ ನಮ್ಮ ಆಫೀಸಿಗೆ ಪತ್ರ ಬರೆದರು. ಉತ್ತರವನ್ನು ಸಾಹೇಬರು ಹೇಳಿದರು, ನಾನು ಟೈಪು ಮಾಡಿದೆ: ಆಪರೇಟರನ ಅಜಾಗರೂಕತೆ, ಹತ್ತಬಾರದ ಡ್ರಮ್ಮು ಹತ್ತಿದ್ದು. ಕೆಳಗೆ ನನ್ನ ಸಹಿ. ಹಿರೇಮಠರನ್ನು ಪ್ಲಾಂಟಿನಿಂದ ತೆಗೆದು ಸ್ಟೋರಿಗೆ ಹಾಕಿದರು. ಪಾತ್ರೆಯ ಸದ್ದು ಕೇಳಿ ಹದ ಹೇಳುತ್ತಿದ್ದ ಮನುಷ್ಯ ನಿವೃತ್ತಿಯಾಗುವವರೆಗೂ ಅಲ್ಲಿ ನಟ್ಟು-ಬೋಲ್ಟು ಎತ್ತಿ ಕೊಡುತ್ತ ಕುಳಿತರು. ಎರಡೇ ತಿಂಗಳಲ್ಲಿ ಆ ವಾಲ್ವಿನ ಕೆಳಗೆ ಸದ್ದಿಲ್ಲದೆ ಕಬ್ಬಿಣದ ಮೆಟ್ಟಿಲು ಬಂತು. ತಪ್ಪು ಆಪರೇಟರನದಾದರೆ ಮೆಟ್ಟಿಲು ಯಾಕೆ ಬೇಕಿತ್ತು? ಆ ಮೆಟ್ಟಿಲಿನ ನಕ್ಷೆ ಬರೆದವಳೂ ನಾನೇ. ಅದಕ್ಕೂ ಸಹಿ ಹಾಕಿದೆ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಂದಿನಿಂದ ನಾನು ಬಲು ದೊಡ್ಡ ಉಪದೇಶಕಿ. ಆಫೀಸಿಗೆ ಹೊಸಬರು ಬಂದರೆ ಮೊದಲ ಪಾಠ ನನ್ನದು: ವಾಲ್ವ್ ಬರೆಯುವ ಮೊದಲು ಅದನ್ನು ತಿರುಗಿಸುವವನ ಎತ್ತರ ಕೇಳಿ, ದಿನಕ್ಕೆ ಎಷ್ಟು ಸಲ ತಿರುಗಿಸುತ್ತಾನೆ ಕೇಳಿ, ಪ್ಲಾಂಟಿಗೆ ಹೋಗಿ ನಿಂತು ನೋಡಿ. ಅವರು ಕೇಳುವುದಿಲ್ಲ. ಈಗ ಎಲ್ಲ ಕಂಪ್ಯೂಟರಿನ ಪರದೆಯ ಮೇಲಿದೆಯಂತೆ. ಅದರೊಳಗೆ ಹಳದಿ ಟೋಪಿಯ ಗೊಂಬೆ ಮನುಷ್ಯನೊಬ್ಬ ಇಡೀ ಕಾರ್ಖಾನೆ ಸುತ್ತುತ್ತಾನೆ. ಅವನಿಗೆ ಬೆವರಿಲ್ಲ, ಮೊಣಕೈ ತಾಗುವುದಿಲ್ಲ. ಮೊನ್ನೆ ನನ್ನ ಕಣ್ಣೆದುರೇ ಅವನ ಕೈ ಬಿಸಿ ಪೈಪಿನೊಳಗೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಬಂತು. "ನೋಡಿ ಮ್ಯಾಮ್, ರೀಚ್ ಆಗ್ತಾನೆ" ಎಂದಳು ಬೆಂಗಳೂರಿನಿಂದ ಬಂದ ಹುಡುಗಿ. ನಾನು ಹರಿಹಾಯ್ದೆ. ಆದರೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಈ ಪಾಠದ ಜೊತೆ ಆ ಪತ್ರದ ಕತೆ ಹೇಳಿಲ್ಲ. ಹಿರೇಮಠರ ಮಾತನ್ನು ನನ್ನದೆಂಬಂತೆ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ಅವರು ವರ್ಷಕ್ಕೊಮ್ಮೆ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಬರುತ್ತಾರೆ. ಸರಿಯಾಗಿ ಆ ದಿನವೇ ನನಗೆ ತಲೆನೋವು ಬರುತ್ತದೆ, ಪತ್ರದ ಸಂಗತಿ ಗೊತ್ತಿರುವ ನಮ್ಮವರು ಒಬ್ಬರೇ ಹೋಗಿ ಅವರನ್ನು ಮಾತಾಡಿಸಿ ಬರುತ್ತಾರೆ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅಂದು ಬೆಳಿಗ್ಗೆ ಶಿಂದೆಯ ಮೇಲೆ ಕೂಗಾಡಿದಾಗ ಅವನು ತನ್ನ ತರಚಿದ ಕೈ ಒರೆಸಿಕೊಳ್ಳುತ್ತ ಮೆತ್ತಗೆ ಅಂದಿದ್ದ: "ಮ್ಯಾಡಮ್, ವಾಲ್ವ್ ಆಧೀ ಹೋತಾ. ಕಪಾಟ್ ನಂತರ್ ಆಲಂ." ವಾಲ್ವ್ ಮೊದಲೇ ಇತ್ತು, ಕಪಾಟು ಆಮೇಲೆ ಬಂತು. ಕಪಾಟಿನ ನಕ್ಷೆ ಯಾರದು? ಬಡಗಿ ಅಂದೇ ಕೇಳಿದ್ದ, ವಾಲ್ವಿನ ಎದುರಿಗೇ ಕೈ ಹೋಗುವಷ್ಟು ಕಿಂಡಿ ಬಿಡಲೇ ಎಂದು. ಜಿರಲೆ ಬರುತ್ತವೆ, ಮುಚ್ಚಿಬಿಡು ಎಂದವಳು ನಾನು. ಪೈಪು ಕಳಚಿದ್ದಕ್ಕೆ ಶಿಂದೆ ಕಾರಣನಿರಬಹುದು. ಗಂಟೆಗಟ್ಟಲೆ ನೀರು ನಿಲ್ಲದ್ದಕ್ಕೆ ಅಲ್ಲ.

ಬರೆದ ಸಾಲನ್ನು ಹೊಡೆದುಹಾಕಿದೆ. ಬೇರೆ ಹಾಳೆಯಲ್ಲಿ ಬರೆದೆ: ವಾಲ್ವಿಗೆ ಅಡ್ಡ ಕಪಾಟು ಕಟ್ಟಿಸಿದ್ದು ನಾನು, ತಪ್ಪು ನನ್ನದು. ನಮ್ಮವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಛಲೋ ಬರದಿ," ಎಂದರು. "ಆದ್ರ ತಪ್ಪು ವಿಳಾಸಕ್ಕ ಹೊಂಟದ."

ಮತ್ತೊಂದು ಹಾಳೆ ತೆಗೆದುಕೊಂಡು, "ಹಿರೇಮಠರಿಗೆ ನಮಸ್ಕಾರ. ಆ ವಾಲ್ವನ್ನು ಅಲ್ಲಿಟ್ಟವಳು ನಾನು" ಎಂದು ಬರೆದೆ. ಓದಿ ನೋಡಿದೆ. ಚೆಂದ ಕಾಣುತ್ತಿತ್ತು. ಕಾಗದದ ಮೇಲೆ ನನಗೆ ಯಾವಾಗ ಏನು ಕೈಗೆ ಸಿಕ್ಕಿಲ್ಲ? ಹಾಳೆಯನ್ನು ಮಡಚಿ ಒಲೆಯ ಪಕ್ಕ ಇಟ್ಟು, ರಿಕ್ಷಾ ಹಿಡಿದು ಭೋಸರಿಗೆ, ಹಿರೇಮಠರ ಮನೆಗೆ ಹೋದೆ.

ಹಿರೇಮಠರು ಎಡಗೈಯಿಂದ ಚಿಲಕ ತೆಗೆದರು. ಬಲಗೈ ಮಣಿಕಟ್ಟು ಪೂರ್ತಿ ತಿರುಗುವುದಿಲ್ಲವೆಂದು ನನಗೆ ಆಗ ಗೊತ್ತಾಯಿತು.

"ಬರ್ರಿ ಮೇಡಂ, ಒಳಗ ಬರ್ರಿ."

ನಾನು ಹೊಸ್ತಿಲಾಚೆ ನಿಂತೇ ಹೇಳಿದೆ. ವಾಲ್ವಿನದು, ಪತ್ರದ್ದು, ಸಹಿಯದ್ದು, ಎಲ್ಲವನ್ನೂ. ಅವರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು.

"ಅದು ನನಗ ಗೊತ್ತಿತ್ರಿ. ಮೆಟ್ಟಿಲದ ನಕ್ಷಾದ ಮ್ಯಾಲ ನಿಮ್ಮ ಸಹಿ ನೋಡಿದ್ದೆ." ದನಿ ತಗ್ಗಿಸಿ ಅಂದರು: "ಆದ್ರ ನಮ್ಮ ಮನಿಯಾಕಿಗೆ ಗೊತ್ತಿಲ್ರಿ. ನಾನ ಲಕ್ಷ್ಯ ಇಲ್ಲದ ಹತ್ತಿ ಬಿದ್ದೆ ಅಂತ ಇವತ್ತಿಗೂ ಬೈತಾಳ. ನಾ ಹೇಳಿದ್ರ ನಂಬೂದಿಲ್ಲ. ಒಳಗ ಬಂದು ಆಕಿ ಮುಂದ ಒಮ್ಮೆ ಹೇಳ್ರಿ."

ಚಪ್ಪಲಿ ಬಿಟ್ಟು ಒಳಗೆ ಹೋದೆ.